ಲಾರಿ ಹತ್ತಿದ ಬಿಳಿ ಕುದುರೆ

ಹೈದರಾಬಾದಿನ ಗಚ್ಚಿಬೌಲಿಯಿಂದ ನಾನು ಭಾನುವಾರಗಳಂದು ಹೋಗುತ್ತಿದ್ದ ಕುದುರೆಗಳ ಆಶ್ರಯಧಾಮದಲ್ಲಿ ಬೀದರ ಕಡೆಯ ಒಬ್ಬ ಆರೈಕೆಗಾರನಿದ್ದ. ಯಾವ ಪ್ರಾಣಿಯ ಹತ್ತಿರ ಹೋಗುವಾಗಲೂ ಮೊದಲು ಎರಡೂ ಅಂಗೈ ಬಿಚ್ಚಿ ತೋರಿಸುತ್ತಿದ್ದ. “ನೋಡವ್ವಾ, ಕೈಯಾಗ ಏನಿಲ್ಲ,” ಎನ್ನುತ್ತಿದ್ದ.

ಮದುವೆ ಮೆರವಣಿಗೆಗಳಲ್ಲಿ ಪಟಾಕಿಗಳ ನಡುವೆ ಕುಣಿಸಿ ಕುಣಿಸಿ ಕಾಲು ಹುಣ್ಣಾಗಿದ್ದ ಬಿಳಿ ಹೆಣ್ಣುಕುದುರೆಯೊಂದನ್ನು ಪೊಲೀಸರು ಮಾಲೀಕನಿಂದ ಬಿಡಿಸಿ ಅಲ್ಲಿಗೆ ತಂದಿದ್ದರು. ಮನುಷ್ಯರ ನೆರಳು ಬಿದ್ದರೂ ಅದು ನಡುಗುತ್ತಿತ್ತು. ತಿಂಗಳುಗಟ್ಟಲೆ ಹುಣ್ಣು ತೊಳೆದು, ತನ್ನ ರೊಟ್ಟಿಯನ್ನೂ ಅದರ ಪಕ್ಕದಲ್ಲೇ ಕೂತು ತಿಂದು, ಆತ ಅದರ ಭಯ ಬಿಡಿಸಿದ.

ಅಷ್ಟರಲ್ಲಿ, ಕುದುರೆಯನ್ನು ಮಾಲೀಕನಿಗೇ ಒಪ್ಪಿಸಬೇಕೆಂದು ಕೋರ್ಟಿನ ಆದೇಶ ಬಂತು. ಲಾರಿ ಬಂದ ದಿನ ನಾನೂ ಅಲ್ಲಿದ್ದೆ. ಮಾಲೀಕನ ಆಳುಗಳು ಎಷ್ಟು ಎಳೆದರೂ ಕುದುರೆ ಹಲಗೆಯ ಮೇಲೆ ಕಾಲಿಡಲಿಲ್ಲ. ಒಬ್ಬ ಬಡಿಗೆ ಎತ್ತಿದ.

“ಮಾರೋ ಮತ್, ಭಾಯ್! ಹೊಡಿಬ್ಯಾಡ!” ಎಂದು ಕೂಗುತ್ತ ಆರೈಕೆಗಾರನೇ ಲಾರಿಯೊಳಗೆ ಹತ್ತಿ ನಿಂತ. ಮೆಲ್ಲಗೆ, “ಬಾರವ್ವಾ,” ಎಂದು ಕರೆದ.

ಕುದುರೆ ತಾನಾಗಿಯೇ ಹತ್ತಿ ಬಂದು ಆತನ ಭುಜಕ್ಕೆ ಮೂಗು ಒತ್ತಿತು. ಆತ ಕೆಳಗಿಳಿದ ಕೂಡಲೇ ಆಳುಗಳು ಬಾಗಿಲು ಹಾಕಿದರು.

ಲಾರಿ ಹೋದ ಮೇಲೆ ಆತ ನನ್ನ ಮುಖ ನೋಡಲಿಲ್ಲ. “ಮೊದಲಿನ ಹೆದರಿಕಿ ಇದ್ದಿದ್ರ ಅದು ಹತ್ತತಿರಲಿಲ್ಲರಿ. ನಂಬೋದು ನಾನ ಕಲಿಸಿದೆ,” ಎಂದ.

ಮುಂದಿನ ಭಾನುವಾರ ನಾನು ಹೋಗುವಷ್ಟರಲ್ಲಿ ಆತ ಕೆಲಸ ಬಿಟ್ಟಿದ್ದ.