ಮಂಚದ ಕಂಬಿಯ ಸದ್ದು

ಇವತ್ತು ಬೆಳಿಗ್ಗೆ ನಮ್ಮ ಆಫೀಸಿನ ಹೊಸ ಹುಡುಗಿ ಕೊಬ್ಬರಿ ಎಣ್ಣೆಗೆ ಕರ್ಪೂರ ಹಾಕಿ ಬಿಸಿ ಮಾಡಿದಳು. ಮರಗಟ್ಟಿದ ಕೈಕಾಲಿಗೆ ತಿಕ್ಕುವ ಎಣ್ಣೆ. ವಾಸನೆ ಮೂಗಿಗೆ ಬಡಿದದ್ದೇ ತಡ, ಕಾಫಿ ಲೋಟ ಪಕ್ಕಕ್ಕಿಟ್ಟೆ. ನಮ್ಮ ದೊಡ್ಡ ಸಿಸ್ಟರ್ ಸೆರಗಿನ ವಾಸನೆ ಅದು...

ಮಲ್ಲತ್ತಹಳ್ಳಿಯಲ್ಲಿ ನಮ್ಮದೊಂದು ಸಣ್ಣ ಸಂಸ್ಥೆ. ಹಾಸಿಗೆ ಹಿಡಿದವರ ಮನೆಗೇ ಹೋಗಿ ಆರೈಕೆ ಮಾಡುವ ಕೆಲಸ. ಅದನ್ನು ಕಟ್ಟಿದವರು, ನನಗೆ ಕೆಲಸ ಕಲಿಸಿದವರು ದೊಡ್ಡ ಸಿಸ್ಟರ್. ಹೊಸದಾಗಿ ಸೇರಿದವರು ಯಾರೇ ಆಗಲಿ, ರೋಗಿಯನ್ನು ಮುಟ್ಟುವ ಮೊದಲು ಒಂದು ದಿನ ತಾವೇ ರೋಗಿಯಾಗಬೇಕು. ಆಫೀಸಿನ ಕಬ್ಬಿಣದ ಮಂಚದ ಮೇಲೆ ಕೊರಡಿನಂತೆ ಮಲಗಬೇಕು. ಉಳಿದವರು ತಿನ್ನಿಸುತ್ತಾರೆ, ಒರೆಸುತ್ತಾರೆ, ಹೊರಳಿಸುತ್ತಾರೆ. ಮಾತಾಡುವಂತಿಲ್ಲ. ನೋವಾದರೆ, ತಪ್ಪಾದರೆ ಬೆರಳಿನಿಂದ ಮಂಚದ ಕಂಬಿ ತಟ್ಟಬೇಕು, ಅಷ್ಟೇ.

ನನ್ನ ಸರದಿಯ ದಿನ ಗಂಜಿಯೆಲ್ಲ ಕತ್ತಿಗೆ ಇಳಿಯಿತು. ಮೊದಲೇ ಮೂಗಿನ ತುದಿಯಲ್ಲಿ ಕೋಪ ಇಟ್ಟುಕೊಂಡವಳು ನಾನು. ಕಂಬಿ ತಟ್ಟುವುದಿರಲಿ, ಎದ್ದು ಕೂತು ಕೂಗಾಡಿದೆ. ದೊಡ್ಡ ಸಿಸ್ಟರ್ ತಮ್ಮ ಸೆರಗಿನಿಂದಲೇ ನನ್ನ ಕತ್ತು ಒರೆಸಿದರು.

“ನಿಂಗೆ ಬೈಯಕ್ಕೆ ಬಾಯಿದೆ ಕಣೇ. ಅವ್ರಿಗೆ ಅದೂ ಇರಲ್ಲ.”

ಹುಡುಗಿಯರು ಬರುತ್ತಿದ್ದರು, ಕೈ ಪಳಗುವಷ್ಟರಲ್ಲಿ ದೊಡ್ಡ ಆಸ್ಪತ್ರೆಗಳಿಗೆ ಹೋಗಿಬಿಡುತ್ತಿದ್ದರು. ಹೊಟ್ಟೆಪಾಡು, ಯಾರನ್ನು ಬೈಯುವುದು? ಕೊನೆಗೆ ಉಳಿದವರು ನಾವಿಬ್ಬರೇ. ಆಗಲೇ ದೊಡ್ಡ ಸಿಸ್ಟರ್‌ಗೆ ಲಕ್ವ ಹೊಡೆಯಿತು. ಬಲಭಾಗ ಪೂರ್ತಿ ಹೋಯಿತು, ಮಾತು ತೊದಲಿತು. ದೇವರಿಗೆ ಕಣ್ಣಿಲ್ಲ ಅಂತ ಅವತ್ತು ಬಾಯಿಬಿಟ್ಟೇ ಬೈದೆ. ಅವರಿಗೆ ಹಿಂದುಮುಂದು ಯಾರೂ ಇರಲಿಲ್ಲ. ಆಫೀಸಿನ ಆ ಮಂಚದ ಮೇಲೇ ತಂದು ಮಲಗಿಸಿದೆ.

ಮನೆಮನೆಯಲ್ಲಿ ರೋಗಿಗಳು ಕಾಯುತ್ತಿದ್ದರು. ಇನ್ನೊಬ್ಬಳು ತಯಾರಾಗದಿದ್ದರೆ ಸಂಸ್ಥೆಯ ಬಾಗಿಲು ಹಾಕಬೇಕಿತ್ತು. ಅಷ್ಟರಲ್ಲಿ ಹೇರೋಹಳ್ಳಿಯ ಹುಡುಗಿಯೊಬ್ಬಳು ಬಂದಳು. ಕೈ ಒರಟು, ಮನಸ್ಸು ಬೆಣ್ಣೆ. ಕಲಿಸಲು ನನಗೆ ಪುರುಸೊತ್ತೆಲ್ಲಿ? ದೊಡ್ಡ ಸಿಸ್ಟರ್ ಎಡಗೈಯಿಂದ ತಮ್ಮ ಎದೆ ಮುಟ್ಟಿ ತೋರಿಸಿದರು.

“ನನ್... ಮೇಲೆ... ಕಲೀಲಿ.”

ಬೇಡವೆಂದು ಜಗಳವಾಡಿದೆ. ಕೇಳುವ ಜೀವವೇ ಅದು? ದಿನವೂ ಹುಡುಗಿ ಹೊರಳಿಸುವಳು, ಅವರು ತಟ್ಟುವರು. ಭುಜ ಎಳೆದರೆ ಟಕ್. ಬೆನ್ನಡಿ ಬಟ್ಟೆ ಸುಕ್ಕಾದರೆ ಟಕ್ ಟಕ್. ಹುಡುಗಿ ಅಳುವಳು. ಅದೇ ಎಡಗೈಯಿಂದ ಅವಳ ಕಣ್ಣೊರೆಸಿ, ಮತ್ತೆ ಹೊರಳಿಸು ಎಂದು ಸನ್ನೆ ಮಾಡುವರು...

ಒಂದು ಮಧ್ಯಾಹ್ನ ಕೆಂಗೇರಿಯ ರೋಗಿಯನ್ನು ನೋಡಿಕೊಂಡು ಬಂದೆ. ಹುಡುಗಿ ಬಾಗಿಲಿಗೇ ಓಡಿಬಂದಳು. ಮುಖದ ತುಂಬ ನಗು.

“ಅಕ್ಕಾ, ಇವತ್ತು ಒಂದ್ಸಲಾನೂ ತಟ್ಲಿಲ್ಲ ಕಣಕ್ಕಾ! ಈಗ ತಾನೇ ಹೊರಳಿಸ್ದೆ. ಹಾಯಾಗಿ ನಿದ್ದೆ ಹೋಗವ್ರೆ!”

ಒಳಗೆ ಹೋದೆ. ಹೊರಳಿಸಿದ್ದು ಅಚ್ಚುಕಟ್ಟಾಗಿತ್ತು. ಬೆನ್ನಿಗೆ ದಿಂಬು, ಮಂಡಿಗಳ ನಡುವೆ ದಿಂಬು, ಬಟ್ಟೆಯಲ್ಲಿ ಒಂದು ಸುಕ್ಕಿಲ್ಲ. ಎಡಗೈ ಕಂಬಿಯ ಮೇಲಿತ್ತು. ನಾಡಿ ಹಿಡಿದೆ. ಇರಲಿಲ್ಲ... ಅಯ್ಯೋ ನನ್ನ ತಾಯೀ ಎಂದು ಅವರ ಮೇಲೇ ಕುಸಿದೆ. ನಿದ್ದೆಯಲ್ಲೇ ಜೀವ ಹೋಗಿದೆ, ಯಾರ ತಪ್ಪೂ ಅಲ್ಲ ಎಂದು ಡಾಕ್ಟರು ಹುಡುಗಿಗೆ ಎಷ್ಟೋ ಹೇಳಿದರು. ಅವಳು ಮಂಚದ ಕಂಬಿಯನ್ನೇ ನೋಡುತ್ತಿದ್ದಳು.

ವರ್ಷಗಳಾದವು. ಬಾಗಿಲು ಹಾಕಲಿಲ್ಲ. ಈಗ ಹೊಸಬರಿಗೆ ಕಲಿಸುವವಳು ಆ ಹೇರೋಹಳ್ಳಿಯವಳೇ. ಅವರು ಹೊರಳಿಸುವುದನ್ನು ಕಲಿಯಲಿ ಎಂದು ನಾನೇ ಮಂಚದ ಮೇಲೆ ಮಲಗುತ್ತೇನೆ.

ಇವತ್ತು ಎಣ್ಣೆ ಕಾಯಿಸಿದ ಹೊಸ ಹುಡುಗಿ ನನ್ನನ್ನು ಹೊರಳಿಸಿದಳು. ಒಂದು ತಪ್ಪಿಲ್ಲ. ದೊಡ್ಡ ಸಿಸ್ಟರ್ ಹೋದ ದಿನದ ಹಾಗೆಯೇ ಕಂಬಿಯಿಂದ ಸದ್ದಿರಲಿಲ್ಲ. ಹೇರೋಹಳ್ಳಿಯವಳು ಗೋಡೆಗೆ ಒರಗಿ ನಿಂತಿದ್ದಳು, ಮುಖದಲ್ಲಿ ರಕ್ತವಿರಲಿಲ್ಲ.

ಕಂಬಿ ತಟ್ಟಿದೆ.

“ಎಲ್ ತಪ್ಪಾಯ್ತಕ್ಕಾ?” ಎಂದಳು ಹೊಸ ಹುಡುಗಿ.

“ನಿಂದೇನೂ ತಪ್ಪಿಲ್ಲ ಕಣೇ,” ಎಂದೆ. ಹೇರೋಹಳ್ಳಿಯವಳು ಸೆರಗು ಬಾಯಿಗಿಟ್ಟುಕೊಂಡು ಹೊರಗೆ ಹೋದಳು. ಅವಳಿಗೆ ಕೇಳಿಸಲಿ ಎಂದು ಇನ್ನೊಮ್ಮೆ ತಟ್ಟಿದೆ.