ಕೂದಲೆಳೆ ಮೇಸ್ತ್ರಿಯ ಮುಂಬ್ರೇಕು

ಕೂದಲೆಳೆ ಮೇಸ್ತ್ರಿಯ ತಲೆಯ ಮೇಲೆ ಹುಡುಕಿದರೂ ಒಂದು ಕೂದಲೆಳೆ ಸಿಗುತ್ತಿರಲಿಲ್ಲ. ಆ ಹೆಸರು ಬಂದದ್ದು ಅವರ ಮಾತಿನಿಂದ. ಮಿಲಿಮೀಟರಿನ ಹತ್ತರಲ್ಲೊಂದು ಪಾಲು ಅವರ ಲೆಕ್ಕದಲ್ಲಿ ಒಂದು ಕೂದಲೆಳೆ. ಮೂವತ್ತನಾಲ್ಕು ವರ್ಷ ಲೇತ್ ಯಂತ್ರದ ಮುಂದೆ ನಿಂತು ಕಬ್ಬಿಣ ಕಡೆದ ಅವರಿಗೆ, ಯಾರಾದರೂ ‘ಸುಮಾರು’ ಎಂದರೆ ಮೈಮೇಲೆ ಹಲ್ಲಿ ಬಿದ್ದಂತಾಗುತ್ತಿತ್ತು. ಬಾಗಿಲು ಸರಿಯಾಗಿ ಹಾಕಿಕೊಳ್ಳದಿದ್ದರೆ “ಮೂರು ಕೂದಲೆಳೆ ಇಳಿದಿದೆ” ಎನ್ನುವರು. ಬ್ರೆಡ್ಡು ಹೆಚ್ಚಿದರೆ ಒಂದು ತುಂಡನ್ನು ಇನ್ನೊಂದರಿಂದ ಗುರುತಿಸಲು ಸಾಧ್ಯವಿರಲಿಲ್ಲ.

ಹೆಂಡತಿಗೆ ಅವರು ಕೊಟ್ಟ ಮೊದಲ ಉಡುಗೊರೆ ತಾವೇ ಕಡೆದ ಉಕ್ಕಿನ ಉಂಗುರ. ಅದೊಂದು ಮಾತ್ರ ಅರ್ಧ ಕೂದಲೆಳೆ ಬಿಗಿಯಾಗಿಬಿಟ್ಟಿತು. ಇಪ್ಪತ್ತೆಂಟು ವರ್ಷವಾದರೂ ಬೆರಳು ಬಿಟ್ಟು ಬಂದಿಲ್ಲ. ತಮ್ಮ ಕಸುಬಿಗೆ ಅಂಟಿದ ಏಕೈಕ ಕಳಂಕ ಅದು ಎಂದು ಮೇಸ್ತ್ರಿ ಕೊರಗುತ್ತಿದ್ದರು. ಬೀದಿಯವರೆಲ್ಲ ಟೈಲರಮ್ಮ ಎಂದು ಕರೆಯುವ ಅವರ ಹೆಂಡತಿ ಮಾತ್ರ ಉಂಗುರವನ್ನೊಮ್ಮೆ ತಿರುಗಿಸಿ ಸುಮ್ಮನೆ ನಗುತ್ತಿದ್ದರು.

ಹತ್ತಡಿ ಅಗಲದ ಅಂಗಡಿಯೇ ಮೇಸ್ತ್ರಿಯ ಸಾಮ್ರಾಜ್ಯ. ನಡುವೆ ಪಟ್ಟದಾನೆಯಂತೆ ಲೇತು. ಗೋಡೆಯ ಮೊಳೆಗೆ ರಾಜಖಡ್ಗದಂತೆ ತೂಗುವ ಅಳತೆಯ ವರ್ನಿಯರ್. ಹಳೆಯ ಬೈಕುಗಳ ಸವೆದ ಬ್ರೇಕ್ ಡಿಸ್ಕನ್ನು ಎರಡೂ ಮಗ್ಗುಲು ತೆಳುವಾಗಿ ಕಡೆದು ಕನ್ನಡಿಯಂತೆ ಸಮಮಾಡಿ ಕೊಡುವುದರಲ್ಲಿ ಅವರನ್ನು ಬಿಟ್ಟರಿಲ್ಲ. ಆದರೆ ಪ್ರತಿ ಡಿಸ್ಕಿನ ಮೇಲೂ ಒಂದು ಅಂಕಿ ಕೊರೆದಿರುತ್ತದೆ. ಅದಕ್ಕಿಂತ ತೆಳುವಾದರೆ ಬಳಸುವಂತಿಲ್ಲ. ಆ ಗಡಿ ದಾಟಿದ ಡಿಸ್ಕು ತಂದವರು ಕಾಲಿಗೆ ಬಿದ್ದರೂ ಮೇಸ್ತ್ರಿಯ ತೀರ್ಪು ಒಂದೇ: “ಇದು ಸತ್ತಿದೆ ಕಣಪ್ಪ. ಹೆಣಕ್ಕೆ ಕ್ಷೌರ ಮಾಡಲ್ಲ ನಾನು.”

ಇಂಥ ಧರ್ಮರಾಯರಿಗೆ ಪರೀಕ್ಷೆ ಬಂದದ್ದು ಮಗಳ ರೂಪದಲ್ಲಿ.

ಮಗಳಿಗೆ ಬೆಟ್ಟದ ಮೇಲಿನ ಆಸ್ಪತ್ರೆಯಲ್ಲಿ ನರ್ಸ್ ಕೆಲಸ ಸಿಕ್ಕಿತ್ತು. ಸೋಮವಾರದಿಂದ ಬೆಳಗ್ಗೆ ಆರಕ್ಕೆ ಹಾಜರಿ. ಅಷ್ಟು ಹೊತ್ತಿಗೆ ಬಸ್ಸಿಲ್ಲ. “ಅಪ್ಪ, ಐರಾವತ ಕೊಡ್ತೀಯಾ?” ಎಂದಳು. ಐರಾವತವೆಂದರೆ ಮೇಸ್ತ್ರಿಯ ಮುದಿ ಬೈಕು. ಎದೆಯುಬ್ಬಿ “ತಗೊಂಡ್ಹೋಗು” ಎಂದರು. ಬೀದಿಯಲ್ಲಿ ಒಂದು ಸುತ್ತು ಹಾಕಿ ಬಂದವಳು, “ಬ್ರೇಕ್ ಹಿಡಿದ್ರೆ ಹ್ಯಾಂಡಲ್ ಗಡಗಡ ನಡುಗುತ್ತೆ. ಜೊತೆಗೆ ಐರಾವತ ಅಳುತ್ತೆ” ಎಂದಳು. ಬೆಟ್ಟದಿಂದ ಇಳಿಯುವ ದಾರಿಯಲ್ಲಿ ಏಳು ತಿರುವುಗಳಿದ್ದವು, ಒಂದಕ್ಕಿಂತ ಒಂದು ಕಡಿದು.

ಬುಧವಾರ ಮೇಸ್ತ್ರಿ ಮುಂದಿನ ಗಾಲಿಯ ಡಿಸ್ಕು ಬಿಚ್ಚಿದರು. ಸಾಮಾನ್ಯ ಡಿಸ್ಕಲ್ಲ ಅದು. ಎರಡು ದಿನದ ಮಗಳನ್ನು ಮಡಿಲಲ್ಲಿಟ್ಟುಕೊಂಡು ಹೆಂಡತಿ ಹಿಂದೆ ಕುಳಿತಿದ್ದಾಗ, ಕೂಸಿಗೆ ಎಚ್ಚರವಾಗದ ಹಾಗೆ ಬೈಕನ್ನು ಮನೆಬಾಗಿಲಲ್ಲಿ ನಿಲ್ಲಿಸಿದ್ದು ಇದೇ ಡಿಸ್ಕು. ಅಂದು ಐರಾವತಕ್ಕಿಂತ ಆಮೆಗಳು ವೇಗವಾಗಿ ಹೋಗುತ್ತಿದ್ದವೆಂದು ಟೈಲರಮ್ಮ ಈಗಲೂ ಹೇಳುತ್ತಾರೆ.

ಊಟದ ಡಬ್ಬಿ ಹಿಡಿದು ಟೈಲರಮ್ಮ ಒಳಗೆ ಬಂದಾಗ ಮೇಸ್ತ್ರಿ ವಿಜಯಘೋಷ ಮಾಡುತ್ತಿದ್ದರು. “ಐದು ಪಾಯಿಂಟ್ ಒಂದು! ಗಡಿ ಇರೋದು ನಾಲ್ಕೂವರೆ ಮಿಲಿಮೀಟರು. ಇನ್ನೂ ಆರು ಕೂದಲೆಳೆ ಮಾಂಸ ಇದೆ ಕಣೇ! ಕಡೆದು ಹಾಕಿದ್ರೆ ಮದುಮಗ ಆಗ್ತಾನೆ.”

“ಎಲ್ಲಿ ಅಳೆದ್ರಿ?”

“ಡಿಸ್ಕಲ್ಲಿ. ಮತ್ತೆ ನಿನ್ನ ತಲೇಲಾ?”

ಟೈಲರಮ್ಮ ಡಬ್ಬಿ ಇಟ್ಟು ಡಿಸ್ಕಿನ ಮೇಲೆ ಹೆಬ್ಬೆರಳು ಓಡಿಸಿದರು. ಬಟ್ಟೆ ಅಂಗಡಿಯವರನ್ನು ನಡುಗಿಸುವ ಹೆಬ್ಬೆರಳು ಅದು. “ರೀ, ಅಂಚು ಎದ್ದಿದೆ, ನಡುವೆ ತಗ್ಗು. ನಾನು ಮಡಚಿ ಹೊಲಿದ ಅಂಚು ಅಳೆದು ಬಟ್ಟೆ ದಪ್ಪ ಇದೆ ಅಂದ್ರೆ ಒಪ್ತೀರಾ? ಗುಂಡು ಇಟ್ಟು ಅಳೀರಿ. ಊರಿಗೆಲ್ಲ ಉಪದೇಶ ಮಾಡೋರು ನೀವೇ ತಾನೆ?”

ಬ್ರೇಕಿನ ಪ್ಯಾಡು ಉಜ್ಜುವುದು ಡಿಸ್ಕಿನ ನಡುವಿನ ಪಟ್ಟಿಯನ್ನು ಮಾತ್ರ. ಹೊರ ಅಂಚು ಸವೆಯದೆ ದಪ್ಪವಾಗಿಯೇ ಉಳಿಯುತ್ತದೆ, ವರ್ನಿಯರಿನ ನೇರ ದವಡೆ ಅದರ ಮೇಲೆಯೇ ಕೂತು ಸುಳ್ಳು ಲೆಕ್ಕ ಕೊಡುತ್ತದೆ. ಅದಕ್ಕೇ ಮೇಸ್ತ್ರಿ ಪಟ್ಟಿಯ ಎರಡೂ ಮಗ್ಗುಲಿಗೆ ಒಂದೊಂದು ಬೇರಿಂಗ್ ಗುಂಡು ಇಟ್ಟು ಅಳೆದು, ಗುಂಡುಗಳ ದಪ್ಪ ಕಳೆಯುತ್ತಿದ್ದರು. ಸಾವಿರ ಸಲ ಮಾಡಿದ್ದ ಕೆಲಸ. ಇವತ್ತು ಮರೆತಿರಲಿಲ್ಲ, ಗುಂಡಿನ ಡಬ್ಬಿಯ ಕಡೆಗೆ ಕೈ ಹೋಗಿರಲಿಲ್ಲ, ಅಷ್ಟೆ.

ಈಗ ಹೋಯಿತು. ಹದಿನಾರು ಪಾಯಿಂಟ್ ನಾಲ್ಕು. ಗುಂಡುಗಳದ್ದು ಹನ್ನೆರಡು ಹೋದರೆ ಉಳಿದದ್ದು ನಾಲ್ಕು ಪಾಯಿಂಟ್ ನಾಲ್ಕು. ಕಡೆಯುವ ಮೊದಲೇ ಗಡಿಗಿಂತ ಒಂದು ಕೂದಲೆಳೆ ಕೆಳಗೆ.

ಮೇಸ್ತ್ರಿ ಡಿಸ್ಕನ್ನು ಬೆಳಕಿಗೆ ಹಿಡಿದು ನೋಡಿದರು, ಅಂಗಿಯ ತುದಿಯಿಂದ ಒರೆಸಿದರು. “ಒಂದೇ ಕೂದಲೆಳೆ ತಾನೇ. ಮೆಲ್ಲಗೆ ಒಂದು ಸಲ ಕಡೆದ್ರೆ… ಸುಮಾರು ಸರಿಹೋಗುತ್ತೆ.”

ಟೈಲರಮ್ಮ ಗಂಡನನ್ನು ಬೇರೆ ಯಾರನ್ನೋ ನೋಡುವಂತೆ ನೋಡಿದರು.

“ಏನಂದ್ರಿ?”

ಮೇಸ್ತ್ರಿಗೂ ತಮ್ಮ ಬಾಯಿಂದ ಬಂದದ್ದು ಆಗ ಕೇಳಿಸಿತು. ಬೆಟ್ಟದ ಏಳು ತಿರುವುಗಳೂ ಒಟ್ಟಿಗೆ ಕಣ್ಣಮುಂದೆ ಬಂದವು, ಏಳರಲ್ಲೂ ಮಗಳಿದ್ದಳು. ಡಿಸ್ಕನ್ನು ಕೆಳಗಿಟ್ಟು ಸ್ಟೂಲಿನ ಮೇಲೆ ಕೂತರು.

“ಏನಿಲ್ಲ. ಹೆಣಕ್ಕೆ ಕ್ಷೌರ ಮಾಡಲ್ಲ ಅಂದೆ.”

ಟೈಲರಮ್ಮ ಡಬ್ಬಿ ಬಿಚ್ಚಿ ತುತ್ತು ಕಲೆಸಿ ಕೈಗಿಟ್ಟರು.

ಆಮೇಲೆ ಶುರುವಾಯಿತು ದಿಗ್ವಿಜಯ. ಐರಾವತದ ಡಿಸ್ಕು ತಯಾರಾಗುವುದು ನಿಂತು ಬಹಳ ಕಾಲವಾಗಿತ್ತು. ಎರಡು ದಿನ ಊರಿನ ಗುಜರಿಗಳನ್ನೆಲ್ಲ ಜಾಲಾಡಿದ ಮೇಲೆ, ಶುಕ್ರವಾರ ಸಂಜೆ, ಯಾವುದೋ ಭಾರಿ ಬೈಕಿನ ಡಿಸ್ಕೊಂದು ಸಿಕ್ಕಿತು. ಅಷ್ಟೇ ಅಗಲ, ಆರು ಮಿಲಿಮೀಟರ್ ದಪ್ಪ, ಮೈತುಂಬ ತುಕ್ಕು. ನಡುವಿನ ತೂತು ಕಿರಿದು. ಬೋಲ್ಟಿನ ತೂತುಗಳು ಹೊಂದುವುದಿಲ್ಲ. ಮೇಸ್ತ್ರಿ ಅದನ್ನು ಹುಡುಕಿ ಹುಡುಕಿ ಸಿಕ್ಕ ಅಳಿಯನಂತೆ ಎದೆಗವಚಿಕೊಂಡು ತಂದರು.

ಶನಿವಾರವಿಡೀ ಪಟ್ಟದಾನೆ ಗುಡುಗಿತು. ನಡುವಿನ ತೂತು ಹಿಗ್ಗಿಸಿದರು, ಬೋಲ್ಟಿಗೆ ಹೊಸ ತೂತು ಕೊರೆದರು. ಲೇತಿನ ಮೇಲೆ ಡಿಸ್ಕು ಓಲಾಡದೆ ತಿರುಗುವವರೆಗೆ ಬಿಚ್ಚಿ ಕಟ್ಟಿ, ಬಿಚ್ಚಿ ಕಟ್ಟಿ, ಆಮೇಲೆ ಒಂದು ಮಗ್ಗುಲು ಒಂದು ಕೂದಲೆಳೆ, ಇನ್ನೊಂದು ಮಗ್ಗುಲು ಒಂದು ಕೂದಲೆಳೆ, ಹೀಗೆ ಮೂರು ಸುತ್ತು ಕಡೆದರು. ತುಕ್ಕಿನ ಅಡಿಯಿಂದ ಹೊಳಪು ಮೇಲೆ ಬಂತು. ಗುಂಡು ಇಟ್ಟು ಅಳೆದರೆ ಐದು ಪಾಯಿಂಟ್ ನಾಲ್ಕು. ನಂಬದೆ ಇನ್ನೂ ಒಂಬತ್ತು ಕಡೆ ಅಳೆದರು.

ಹಳೆಯ ಡಿಸ್ಕು ಗುಜರಿಗೆ ಹೋಗಲಿಲ್ಲ. ಕತ್ತರಿಸುವಾಗ ಬಟ್ಟೆ ಜಾರಬಾರದೆಂದು ಟೈಲರಮ್ಮ ಅದನ್ನು ತಮ್ಮ ಮೇಜಿನ ಮೇಲೆ ಭಾರವಾಗಿ ಇಟ್ಟುಕೊಂಡರು. “ನಿಲ್ಲಿಸೋದು ಅದಕ್ಕೆ ಅಭ್ಯಾಸ ಇದೆ” ಎಂದರು.

ಭಾನುವಾರ ಪರೀಕ್ಷೆ. ಮೇಸ್ತ್ರಿ ಮೊದಲು ತಾವೊಬ್ಬರೇ ಬೆಟ್ಟವನ್ನು ಎರಡು ಸಲ ಹತ್ತಿಳಿದು ಬಂದರು. ಆಮೇಲೆ ಬೀಗದ ಕೈ ಮಗಳಿಗೆ ಕೊಟ್ಟು, ಐರಾವತದ ಚರಿತ್ರೆಯಲ್ಲೇ ಮೊದಲ ಬಾರಿಗೆ ಹಿಂದಿನ ಸೀಟಿನಲ್ಲಿ ಕುಳಿತರು.

ಇಳಿಜಾರಿನ ಮೊದಲ ತಿರುವು ಬಂತು. ಮಗಳು ಬ್ರೇಕ್ ಹಿಡಿದಳು. ನಡುಕವಿಲ್ಲ, ಅಳುವಿಲ್ಲ, ಐರಾವತ ಸಾಧುಪ್ರಾಣಿಯಂತೆ ನಿಧಾನಿಸಿತು. ಆದರೆ ಮೇಸ್ತ್ರಿಯ ಬಲಗೈಯ ನಾಲ್ಕು ಬೆರಳುಗಳು ಅವಳ ಬಲಭುಜವನ್ನು ಇಕ್ಕಳದಂತೆ ಅಮುಕಿದವು.

“ಅಪ್ಪ, ನನ್ನ ಭುಜದಲ್ಲಿ ಬ್ರೇಕ್ ಇಲ್ಲ.”

“ಗೊತ್ತಮ್ಮ. ನೀನು ಎರಡು ಕೂದಲೆಳೆ ತಡವಾಗಿ ಹಿಡಿದೆ.”

“ಹಂಗಾದ್ರೆ ನೀನೇ ಓಡಿಸ್ತೀಯಾ?”

“ಬೇಡ. ಚೆನ್ನಾಗೇ ಓಡಿಸ್ತಿದ್ದೀಯ. ರಸ್ತೆ ನೋಡು.”

ಎರಡನೆಯ ತಿರುವಿನಲ್ಲಿ ಬೆರಳು ಮತ್ತೆ ಅಮುಕಿದವು, ಮೂರನೆಯದರಲ್ಲಿ ತುಸು ಕಡಿಮೆ. ಐದನೆಯದರಲ್ಲಿ ಮಗಳು ಹಾಡು ಗುನುಗತೊಡಗಿದಳು. ಏಳನೆಯ ತಿರುವಿನಲ್ಲಿ ಮೇಸ್ತ್ರಿಯ ಬೆರಳುಗಳು ಅವಳ ಭುಜವನ್ನು ಒತ್ತಿದ್ದು ಒಂದೇ ಒಂದು ಕೂದಲೆಳೆಯಷ್ಟು.

ಸುಮಾರು.