ಒಣಮೀನಿನ ಪರೀಕ್ಷೆ

ಮಣಿಪಾಲದ ನಮ್ಮ ವಸತಿ ಕಟ್ಟಡದಲ್ಲಿ ಯಾರಾದರೂ ಒಣಮೀನು ಸುಟ್ಟರೆ ಉಳಿದವರೆಲ್ಲ ಕಿಟಕಿ ಮುಚ್ಚುತ್ತಾರೆ. ಕಾಪುವಿನ ಕಡಲ ಬದಿಯಲ್ಲಿ ಬೆಳೆದ ನಾನು ಮಾತ್ರ ತೆರೆದಿಟ್ಟು, ಗಂಜಿ ಇಲ್ಲದಿದ್ದರೂ ವಾಸನೆಯಲ್ಲೇ ಅರ್ಧ ಹೊಟ್ಟೆ ತುಂಬಿಸಿಕೊಳ್ಳುವವನು. ನಿನ್ನೆ ನಾನೂ ಮುಚ್ಚಿದೆ. ಕಾರಣ ನಿಮಗೆ ಹೇಳಬೇಕು.

ಕೊರೋನದ ಕಾಲದಲ್ಲಿ ವಾಸನೆ ಹೋದರೆ ಕಾಯಿಲೆ ಬಂತೆಂದೇ ಅರ್ಥ ಎಂಬ ಸುದ್ದಿ ಹಬ್ಬಿತ್ತಲ್ಲ, ಪೇಟೆಯವರು ಕಾಫಿಪುಡಿ ಮೂಸಿ ನೋಡುತ್ತಿದ್ದರಂತೆ. ನಮ್ಮ ಕಡೆ ಅಷ್ಟು ನಾಜೂಕಿಲ್ಲ. ಬೆಳಗ್ಗೆ ಕೆಂಡದ ಮೇಲೆ ಒಂದು ಒಣಮೀನು ಇಟ್ಟು ಮನೆಯವರನ್ನೆಲ್ಲ ಕರೆಯುವುದು. ವಾಸನೆ ಬಂದವರು ಪಾಸು. ಲಾಕ್‌ಡೌನಿನಲ್ಲಿ ಕಾಪುವಿನ ಅಕ್ಕನ ಮನೆಯಲ್ಲಿ ಸಿಕ್ಕಿಬಿದ್ದಿದ್ದ ನಾನು, ಶಾಲೆಯಲ್ಲಿ ತಿಣುಕಿದವನು, ಅಲ್ಲಿ ದಿನವೂ ಮೊದಲ ದರ್ಜೆಯಲ್ಲಿ ಪಾಸಾಗುತ್ತಿದ್ದೆ.

ಬೋಟಿನ ಕೆಲಸ ಬಿಟ್ಟು ಮನೆಯಲ್ಲಿ ಬಲೆ ಹೆಣೆಯುತ್ತಿದ್ದ ಭಾವನಿಗೆ ಜ್ವರ ಬಂತು. ಅಕ್ಕ ಮೀನು ಸುಟ್ಟಳು.

"ವಾಸನೆ ಉಂಟಾ?"

"ಉಂಟು ಮಾರಾಯ್ತಿ. ಒಂದು ಬದಿ ಕರಟಿತು ನೋಡು."

ಕರಟಿದ್ದು ಹೌದು. ಇಷ್ಟು ಚುರುಕು ಮೂಗಿನವರಿಗೆ ಎಂತ ಕಾಯಿಲೆ ಎಂದು ಕಷಾಯ ಕುಡಿಸಿ ಸಮಾಧಾನಪಟ್ಟೆವು. ಉಬ್ಬಸ ಬಂದಾಗ ಭಾವನೇ "ಪ್ರಾಯ ಆಯಿತಲ್ವಾ" ಎಂದರು. ತುಟಿ ನೀಲಿಯಾದ ಮೇಲೆ ಆಸ್ಪತ್ರೆಗೆ ಒಯ್ದೆವು. ಆಗ ತಡವಾಗಿತ್ತು. ಸತ್ತ ಮೇಲೆ ಮುಖ ನೋಡಲೂ ಸಿಗಲಿಲ್ಲ.

ಅಕ್ಕ ಅಳಲಿಲ್ಲ, ಸಿಟ್ಟಾದಳು. ಆಸ್ಪತ್ರೆಗೆ ಹೆದರಿ ಗಂಡ ಸುಳ್ಳು ಹೇಳಿದ ಎಂಬುದು ಅವಳ ತೀರ್ಮಾನ. "ಕರಟಿದ್ದು ಕಣ್ಣಿಗೂ ಕಾಣುತ್ತದೆ, ಮೂಗೇ ಬೇಕಾ?" ಎನ್ನುವಳು. ಆ ಸಿಟ್ಟಿನಲ್ಲೇ ಮನೆ ನಡೆಸಿದಳು, ಮಗಳನ್ನು ಓದಿಸಿದಳು.

ಆ ಮಗಳು ಸವಿತಾ ಈಗ ಮಣಿಪಾಲದಲ್ಲಿ ವೈರಸ್ಸುಗಳ ಬಗ್ಗೆ ಓದುತ್ತಿದ್ದಾಳೆ. ಆ ವಿಷಯವೇ ಯಾಕೆಂದು ನಾವ್ಯಾರೂ ಕೇಳಿಲ್ಲ. ಮೊನ್ನೆ ಭಾನುವಾರ ಕಾಪುವಿನಲ್ಲಿ ಊಟವಾದ ಮೇಲೆ ಅಕ್ಕನೇ ಕೇಳಿದಳು, "ಅದು ಒಳಗೆ ಹೋಗುವುದು ಹೇಗೆ ಮಗಾ?"

"ನಮ್ಮ ಜೀವಕೋಶದ ಹೊರಮೈಯಲ್ಲಿ ಗ್ರಾಹಕ ಅಂತ ಉಂಟಮ್ಮ, ದೇಹ ತನ್ನ ಕೆಲಸಕ್ಕೆ ಇಟ್ಟುಕೊಂಡದ್ದು. ವೈರಸ್ಸಿನ ಮೈಮೇಲಿನ ಮುಳ್ಳು ಅದಕ್ಕೆ ಸರಿಯಾಗಿ ಕೂತು ಕಚ್ಚಿಕೊಳ್ಳುತ್ತದೆ. ಆಮೇಲೆ ನಮ್ಮದೇ ಒಂದು ಕಿಣ್ವ ಆ ಮುಳ್ಳನ್ನು ಕತ್ತರಿಸಿ ಕೊಡುತ್ತದೆ. ಆಗ ಅದರ ಪೊರೆ ನಮ್ಮ ಪೊರೆ ಒಂದಾಗಿ, ಒಳಗೆ ದಾರಿ ಆಗುತ್ತದೆ."

"ನಮ್ಮದೇ ಕತ್ತರಿಯಾ?"

"ನಮ್ಮದೇ."

"ವಾಸನೆ ಹೋಗುವುದು?"

"ವಾಸನೆಯ ನರಕ್ಕೆ ಆಸರೆಯಾದ ಕೋಶಗಳಲ್ಲೂ ಆ ಗ್ರಾಹಕ ಉಂಟು. ಅಲ್ಲಿ ಹಿಡಿದರೆ ವಾಸನೆ ಹೋಗಬಹುದು. ಎಲ್ಲರಿಗೂ ಹಾಗಾಗುವುದಿಲ್ಲ. ಶ್ವಾಸಕೋಶದಲ್ಲೂ ಗ್ರಾಹಕ ಉಂಟಲ್ಲ. ಮೂಗು ಸರಿ ಇದ್ದೂ ಅಲ್ಲಿ ಕೆಡಬಹುದು."

ಅಕ್ಕ ಎಂಜಲು ತಟ್ಟೆಗಳನ್ನು ಒಂದರ ಮೇಲೊಂದು ಇಟ್ಟಳು.

"ಹಾಗಾದರೆ ಅವರಿಗೆ ನಿಜವಾಗಿಯೂ ವಾಸನೆ ಬಂದಿರಬಹುದಾ?"

"ಬಂದಿರಬಹುದಮ್ಮ."

ಇಷ್ಟು ವರ್ಷಗಳಲ್ಲಿ ಮೊದಲ ಸಲ ಅಕ್ಕ ಅತ್ತಳು. ನಿಜ ತಿಳಿದರೆ ಮನಸ್ಸು ಹಗುರಾಗುತ್ತದೆಂದು ನಂಬಿದ್ದ ನಾನು ಈಗ ಹಾಗೆ ಹೇಳಲಾರೆ. ಇವತ್ತು ಬೆಳಗ್ಗೆ ಫೋನು ಮಾಡಿದೆ. ಉಂಡೆಯಾ ಎಂದು ಕೇಳಿದೆ. ಅದು ಬಿಟ್ಟು ಅಕ್ಕ ಕೇಳಿದಳು, "ಇನ್ನು ನಾನು ಯಾರಿಗೆ ಬೈಯುವುದು ಮಾರಾಯ?"